ಬಾಯಿಗೆ ಬಾರದ ಇಂಗ್ಲಿಷ್ ಮೊದಲು ಕೈಗೆ ಬರಲಿ: ಸಂಜ್ಞಾ ಭಾಷೆಯ ನೆರವಿನಿಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕ್ರಮ

"ನನ್ನ ಮಗ ಸಾಲ್ಯಾಗ ಎ ಬಿ ಸಿ ಡಿ ಎಲ್ಲಾ ಬರೀತಾನ್ರಿ, ಆದ್ರ ಬಾಯಿ ಬಿಟ್ಟು ಒಂದು ಮಾತು ಆಡಂಗಿಲ್ಲ." ಹುಬ್ಬಳ್ಳಿಯ ತಾಯಂದಿರು, ಗದಗ-ಹಾವೇರಿ ಕಡೆಯ ಹಳ್ಳಿ ಶಾಲೆಗಳ ಶಿಕ್ಷಕರು, ಮನೆಯಲ್ಲೇ ಟ್ಯೂಷನ್ ಹೇಳುವ ಅಕ್ಕಂದಿರು, ಎಲ್ಲರೂ ನನ್ನ ಹತ್ತಿರ ಹೇಳಿಕೊಳ್ಳುವುದು ಇದನ್ನೇ. ಧಾರವಾಡ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಕೈಸನ್ನೆ ಬಳಸಿ ಇಂಗ್ಲಿಷ್ ಕಲಿಸುತ್ತೇನೆ ಅಂತ ಗೊತ್ತಾದರೆ ತಕ್ಷಣ ಮುಂದಿನ ಪ್ರಶ್ನೆ: "ಅದನ್ನ ಹೆಂಗ ಮಾಡ್ತೀರಿ, ಶುರುವಿನಿಂದ ಹೇಳ್ರಿ." ಹಾಗಾಗಿ ಶುರುವಿನಿಂದಲೇ ಹೇಳುತ್ತೇನೆ.

ಇದು 4 ರಿಂದ 10 ವರ್ಷದ, ಕಿವಿ ಚೆನ್ನಾಗಿ ಕೇಳಿಸುವ ಮಕ್ಕಳಿಗಾಗಿ ಬರೆದದ್ದು. ಕಿವಿ ಕೇಳಿಸದ ಮಕ್ಕಳ ವಿಷಯ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ಸನ್ನೆ ಯಾಕೆ ಕೆಲಸ ಮಾಡುತ್ತದೆ?

ನಾವು ಸಾಮಾನ್ಯವಾಗಿ ಹೇಗೆ ಕಲಿಸುತ್ತೇವೆ ನೋಡಿ. "ಡ್ರಿಂಕ್ ಅಂದ್ರೆ ಕುಡಿ, ಈಟ್ ಅಂದ್ರೆ ತಿನ್ನು." ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಆಮೇಲೆ ನೀವು "ಡ್ರಿಂಕ್" ಅಂದ ಕೂಡಲೇ ಅದರ ತಲೆಯಲ್ಲಿ ಮೊದಲು "ಕುಡಿ" ಬರಬೇಕು, ಅದಾದ ಮೇಲೆ ನೀರು ನೆನಪಾಗಬೇಕು, ತಿರುಗಿ ಇಂಗ್ಲಿಷ್‌ನಲ್ಲಿ ಉತ್ತರ ಹುಡುಕಬೇಕು. ಅಷ್ಟರಲ್ಲಿ ಮಾತಿನ ಹೊತ್ತು ದಾಟಿ ಹೋಗಿರುತ್ತದೆ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಸನ್ನೆ ಈ ನಡುವಿನ ಮೆಟ್ಟಿಲನ್ನು ತೆಗೆದುಹಾಕುತ್ತದೆ. ಕೈ ಬಾಯಿಯ ಹತ್ತಿರ ಹೋದಾಗ ಅರ್ಥ ಅಲ್ಲೇ ಕಾಣುತ್ತದೆ, ಅದರ ಜೊತೆಗೆ "ಡ್ರಿಂಕ್" ಅನ್ನುವ ಸದ್ದು ಅಂಟಿಕೊಳ್ಳುತ್ತದೆ. ಕನ್ನಡ ಪದ ನಡುವೆ ಬರುವುದೇ ಇಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ದೊಡ್ಡ ಕಾರಣವೂ ಇದೆ. ಹಳೇ ಹುಬ್ಬಳ್ಳಿಯ ಯಾವುದಾದರೂ ಒಂದನೇ ತರಗತಿಗೆ ಹೋಗಿ ನೋಡಿ. ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳು ಕೂತಿರುತ್ತಾರೆ. ನೀವು ಕನ್ನಡದಲ್ಲಿ ಅರ್ಥ ಹೇಳಿದರೆ ಅರ್ಧ ಮಕ್ಕಳಿಗೆ ಅದೂ ಎರಡನೇ ಭಾಷೆಯೇ, ಅಲ್ವಾ? ಕೈ ಮಾತ್ರ ಎಲ್ಲರಿಗೂ ಒಂದೇ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಹೇಳಿದ್ದನ್ನು ಮೈಯಿಂದ ಮಾಡಿ ತೋರಿಸುತ್ತಾ ಭಾಷೆ ಕಲಿಯುವ ವಿಧಾನವನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲೇ ರೂಪಿಸಿದ್ದರು. ಅದಕ್ಕೆ 'ಟೋಟಲ್ ಫಿಸಿಕಲ್ ರೆಸ್ಪಾನ್ಸ್' ಅಂತ ಹೆಸರು, ಅಂದರೆ ಇಡೀ ಮೈಯಿಂದ ಉತ್ತರಿಸುವುದು. ನಮ್ಮ ನಲಿ-ಕಲಿ ತರಗತಿ ನೋಡಿದವರಿಗೆ ಇದು ಹೊಸದಲ್ಲ. 2009ರಲ್ಲಿ ಸಂಶೋಧಕ ಸ್ಪೆನ್ಸರ್ ಕೆಲ್ಲಿ ಮತ್ತು ಅವರ ಸಂಗಡಿಗರು ಇಂಗ್ಲಿಷ್ ಮಾತಾಡುವವರಿಗೆ ಜಪಾನಿ ಕ್ರಿಯಾಪದಗಳನ್ನು ಕಲಿಸಿ ನೋಡಿದರು. 'ನೋಮು' ಅಂದರೆ ಕುಡಿ ಅನ್ನುವಂಥವು. ಮಾತಿನ ಜೊತೆ ಕುಡಿಯುವ ಸನ್ನೆ ತೋರಿಸಿದಾಗ ಪದ ಹೆಚ್ಚು ನೆನಪಿನಲ್ಲಿ ಉಳಿಯಿತು. ಬೇರೆ ಯಾವುದೋ ಸನ್ನೆ ತೋರಿಸಿದಾಗ ನೆನಪು ಕೆಟ್ಟಿತು. ಮಾನುವೇಲಾ ಮಾಸೆಡೋನಿಯಾ ಅನ್ನುವವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅರ್ಥವಿಲ್ಲದ ಕೈಚಲನೆಗಿಂತ ಅರ್ಥಕ್ಕೆ ಹೊಂದುವ ಸನ್ನೆಯೇ ಮೇಲು ಅಂತ ಕಂಡುಬಂತು. ಇವು ದೊಡ್ಡವರ ಮೇಲೆ, ಸಂಜ್ಞಾ ಭಾಷೆ ಅಲ್ಲ, ಬರೀ ಕೈಸನ್ನೆ ಇಟ್ಟುಕೊಂಡು ಮಾಡಿದ ಪ್ರಯೋಗಗಳು ಅನ್ನುವುದು ನೆನಪಿರಲಿ. ಆದರೂ ಒಂದು ಪಾಠ ಸ್ಪಷ್ಟ: ಸುಮ್ನೆ ಕೈ ಆಡಿಸಿದರೆ ಆಗುವುದಿಲ್ಲ, ಸನ್ನೆಯೂ ಪದವೂ ಒಂದಕ್ಕೊಂದು ಕೂಡಬೇಕು.

ಮೊದಲು ಮೂರು ಮಾತು ತಿಳಿದುಕೊಳ್ಳಿ

ಸನ್ನೆ ಅಂದರೆ ನಾವೆಲ್ಲ ದಿನಾ ಮಾಡುವುದು. ಬಾ ಅಂತ ಕೈ ಮಾಡುವುದು, ಬೇಡ ಅಂತ ಅಂಗೈ ಆಡಿಸುವುದು.

ಸಂಜ್ಞಾ ಭಾಷೆ ಅಂದರೆ ಕಿವುಡರು ಕೈಯಲ್ಲಿ ಆಡುವ, ಪೂರ್ತಿ ಒಂದು ಭಾಷೆ. ಅದಕ್ಕೆ ತನ್ನದೇ ಪದಗಳಿವೆ, ತನ್ನದೇ ವ್ಯಾಕರಣ ಇದೆ. ಇದು ಜಗತ್ತಿಗೆಲ್ಲ ಒಂದೇ ಅಲ್ಲ. ಅಮೆರಿಕದ್ದು ಬೇರೆ, ಬ್ರಿಟನ್ನಿನದು ಬೇರೆ, ನಮ್ಮದು ಭಾರತೀಯ ಸಂಜ್ಞಾ ಭಾಷೆ. ಅದು ಕೈಯಲ್ಲಿ ಆಡುವ ಇಂಗ್ಲಿಷೂ ಅಲ್ಲ, ಹಿಂದಿಯೂ ಅಲ್ಲ. ಇಲ್ಲಿಂದ ಮುಂದೆ ಅದರ ಒಂದೊಂದು ಪದವನ್ನೂ ನಾನು ಸುಲಭಕ್ಕೆ 'ಸನ್ನೆ' ಅಂತಲೇ ಕರೆಯುತ್ತೇನೆ.

ಬೆರಳಕ್ಷರ ಅಂದರೆ ಎ, ಬಿ, ಸಿ ಅಂತ ಒಂದೊಂದು ಅಕ್ಷರವನ್ನೂ ಬೆರಳಲ್ಲಿ ತೋರಿಸುವುದು. ಅಮೆರಿಕದವರು ಇದನ್ನು ಒಂದೇ ಕೈಯಲ್ಲಿ ಮಾಡುತ್ತಾರೆ. ನಮ್ಮಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡೂ ಕೈ ಬೇಕು. ನೀವು ನೋಡುತ್ತಿರುವ ವಿಡಿಯೋ ಅಮೆರಿಕದ್ದೋ ಅಲ್ಲವೋ ಅಂತ ಪತ್ತೆ ಹಚ್ಚಲು ಇದೇ ಸುಲಭದ ಗುರುತು.

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. ನಮ್ಮ ಕಡೆ ಸಂಜ್ಞಾ ಭಾಷೆಯನ್ನು "ಮೂಗರ ಭಾಷಿ" ಅನ್ನುತ್ತಾರೆ. ದಯವಿಟ್ಟು ಆ ಮಾತನ್ನು ಮಕ್ಕಳ ಮುಂದೆ ಬಳಸಬೇಡಿ, ಬೇರೆಯವರು ಬಳಸಿದರೆ ತಿದ್ದಿ. ಕಿವುಡರು ಮಾತಿಲ್ಲದವರಲ್ಲ. ಅವರ ಮಾತು ಕೈಯಲ್ಲಿದೆ, ಮತ್ತು ನೀವು ನಿಮ್ಮ ಮಗುವಿನ ಇಂಗ್ಲಿಷಿಗೆ ನೆರವು ಪಡೆಯುತ್ತಿರುವುದು ಆ ಮಾತಿನಿಂದಲೇ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಇಂಟರ್‌ನೆಟ್ ಇರುವ ಒಂದು ಮೊಬೈಲ್, ಒಂದು ಕನ್ನಡಿ, ಒಂದು ನೋಟ್‌ಬುಕ್, ದಿನಕ್ಕೆ ಎರಡು ಸಲ ಹತ್ತತ್ತು ನಿಮಿಷ. ಚಾರ್ಟು, ಫ್ಲ್ಯಾಶ್‌ಕಾರ್ಡು ಖರೀದಿ ಮಾಡುವ ಅಗತ್ಯವಿಲ್ಲ, ಮನೆಯಲ್ಲಿರುವ ತಾಟು, ಚರಗಿ, ಪಾಟಿಚೀಲ, ರೊಟ್ಟಿ ಬುಟ್ಟಿಯೇ ಸಾಕು.

ಸನ್ನೆಗಳನ್ನು ಎಲ್ಲಿಂದ ಕಲಿಯಬೇಕು ಅನ್ನುವುದು ಮಾತ್ರ ದೊಡ್ಡ ಪ್ರಶ್ನೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ. ಅದು 2018ರಲ್ಲಿ 3,000 ಪದಗಳ ವಿಡಿಯೋ ನಿಘಂಟು ತಂದಿತು, 2021ರ ಮೂರನೇ ಆವೃತ್ತಿಯಲ್ಲಿ ಅದು 10,000 ಪದಕ್ಕೆ ಬೆಳೆಯಿತು. ಯೂಟ್ಯೂಬಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಆ ಸಂಸ್ಥೆಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು, ಅಂದರೆ ಐ ಎಸ್ ಎಲ್ ಆರ್ ಟಿ ಸಿ ಅಂತ ಹಾಕಿ, ಪಕ್ಕದಲ್ಲಿ ನಿಮಗೆ ಬೇಕಾದ ಇಂಗ್ಲಿಷ್ ಪದ ಬರೆದು ಹುಡುಕಿ.

ಎಚ್ಚರಿಕೆ: ಬರೀ "ಸೈನ್ ಲ್ಯಾಂಗ್ವೇಜ್" ಅಂತ ಹುಡುಕಿದರೆ ಮೇಲೆ ಬರುವುದು ಹೆಚ್ಚಾಗಿ ಅಮೆರಿಕದ ವಿಡಿಯೋಗಳು. ಬಣ್ಣ ಬಣ್ಣವಾಗಿ ಚೆಂದ ಇರುತ್ತವೆ, ಜನ ಅದನ್ನೇ ಕಲಿಸಿಬಿಡುತ್ತಾರೆ. ಬರೀ ಇಂಗ್ಲಿಷ್ ಪದ ನೆನಪಿಡಲು ಅದರಿಂದ ತೊಂದರೆ ಇಲ್ಲ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ನಾಳೆ ನಿಮ್ಮ ಮಗು ನಿಮ್ಮ ಓಣಿಯ ಕಿವುಡ ಹುಡುಗನ ಜೊತೆ ಆಡಲು ಹೋದರೆ ಅವನಿಗೆ ಅರ್ಥವಾಗುವ ಸನ್ನೆಯೇ ಅದರ ಕೈಯಲ್ಲಿರಲಿ.

ಹಂತ 1: ಪದ ಆರಿಸಿ

ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೆಚ್ಚಿನವರು ಹಣ್ಣು, ಪ್ರಾಣಿ, ಬಣ್ಣದಿಂದ ಶುರು ಮಾಡುತ್ತಾರೆ. ಆ್ಯಪಲ್, ಎಲಿಫೆಂಟ್, ಯೆಲ್ಲೋ. ಮಗು ದಿನಕ್ಕೆ ಎಷ್ಟು ಸಲ ಆನೆಯ ಬಗ್ಗೆ ಮಾತಾಡುತ್ತದೆ ಹೇಳಿ? ಸನ್ನೆಯ ಶಕ್ತಿ ಇರುವುದು ಕ್ರಿಯಾಪದಗಳಲ್ಲಿ, ಅಂದರೆ ಕೆಲಸ ಹೇಳುವ ಪದಗಳಲ್ಲಿ. ಈಟ್, ಡ್ರಿಂಕ್, ಗಿವ್, ಟೇಕ್, ಓಪನ್, ಕ್ಲೋಸ್, ಕಮ್, ಸ್ಲೀಪ್, ವಾಶ್, ವೇಟ್, ಹೆಲ್ಪ್, ಫಿನಿಶ್. ಈ 12 ಪದ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಹತ್ತಾರು ಸಲ ಬರುತ್ತವೆ. ಇವುಗಳಿಂದ ಶುರು ಮಾಡಿ.

ಎರಡನೇ ಸುತ್ತಿನಲ್ಲಿ ಜಾಗ ಹೇಳುವ ಪದಗಳು: ಇನ್, ಆನ್, ಅಂಡರ್, ಬಿಹೈಂಡ್. ಕನ್ನಡದಲ್ಲಿ ಇವು ಪದದ ಹಿಂದೆ ಬರುತ್ತವೆ, "ಬುಟ್ಟಿಯ ಕೆಳಗೆ". ಇಂಗ್ಲಿಷಿನಲ್ಲಿ ಮುಂದೆ ಬರುತ್ತವೆ, "ಅಂಡರ್ ದ ಬಾಸ್ಕೆಟ್". ಇದನ್ನು ಬಾಯಲ್ಲಿ ವಿವರಿಸಿದರೆ ಆರು ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. ಎರಡು ಕೈಯಲ್ಲಿ ತೋರಿಸಿದರೆ ತಿಳಿಯುತ್ತದೆ. ಮೂರನೇ ಸುತ್ತಿಗೆ ಬಿಗ್, ಸ್ಮಾಲ್, ಹಾಟ್, ಕೋಲ್ಡ್, ಮೋರ್, ವೇರ್, ಹೂ, ವಾಟ್.

ಬಿಡಬೇಕಾದ ಪದಗಳೂ ಇವೆ. ಬಸ್, ಪೆನ್ನು, ಟಿವಿ, ಚಾಕಲೇಟ್, ಬಾಲ್. ಇವು ಮಗುವಿಗೆ ಕನ್ನಡದ ಪದಗಳೇ ಆಗಿಬಿಟ್ಟಿವೆ, ಇವಕ್ಕೆ ಸನ್ನೆ ಕಲಿಸಿ ಸಮಯ ಹಾಳು ಮಾಡಬೇಡಿ.

ವಾರಕ್ಕೆ ಎಷ್ಟು? ಮನೆಯಲ್ಲಾದರೆ 4, ತರಗತಿಯಲ್ಲಾದರೆ 5. ಕಮ್ಮಿ ಅನಿಸಬಹುದು. ನನ್ನ ಅನುಭವದಲ್ಲಿ ವಾರಕ್ಕೆ 15 ಪದ ತುರುಕಿದವರು ಒಂದು ತಿಂಗಳಲ್ಲಿ ಕೈಬಿಟ್ಟಿದ್ದಾರೆ, 4 ಪದದವರು ವರ್ಷಗಟ್ಟಲೆ ಮುಂದುವರಿದಿದ್ದಾರೆ.

ಹಂತ 2: ಮೊದಲು ನೀವು ಕಲಿಯಿರಿ

ಮಗುವಿನ ಜೊತೆ ಕೂತು ವಿಡಿಯೋ ನೋಡುತ್ತಾ ಇಬ್ಬರೂ ಒಟ್ಟಿಗೆ ಕಲಿಯೋಣ ಅಂದುಕೊಳ್ಳಬೇಡಿ. ಮಗು ನಿಮ್ಮನ್ನು ಬಿಟ್ಟು ಮೊಬೈಲನ್ನೇ ನೋಡುತ್ತದೆ. ಹಿಂದಿನ ರಾತ್ರಿ ಕನ್ನಡಿ ಮುಂದೆ ನಿಂತು ನಾಲ್ಕೂ ಸನ್ನೆ ಕೈಗೆ ಕೂರುವವರೆಗೆ ಮಾಡಿ.

ಪ್ರತಿ ಸನ್ನೆಯಲ್ಲೂ ಐದು ವಿಷಯ ನೋಡಬೇಕು: ಕೈಯ ಆಕಾರ, ಕೈ ಇರುವ ಜಾಗ, ಚಲನೆ, ಅಂಗೈ ಯಾವ ಕಡೆ ತಿರುಗಿದೆ, ಮತ್ತು ಮುಖಭಾವ. ಇದರಲ್ಲಿ ಒಂದು ಬದಲಾದರೂ ಪದವೇ ಬದಲಾಗಬಹುದು, ನಮ್ಮಲ್ಲಿ 'ಕಲ್ಲು' ಮತ್ತು 'ಹಲ್ಲು' ಇದ್ದ ಹಾಗೆ. ಮುಖಭಾವವನ್ನು ಎಲ್ಲರೂ ಮರೆಯುತ್ತಾರೆ. ಪ್ರಶ್ನೆ ಕೇಳುವಾಗ ಹುಬ್ಬು, ತಲೆ, ಕಣ್ಣು ಎಲ್ಲ ಸೇರಿ ಕೇಳಬೇಕು. ಕಲ್ಲಿನಂಥ ಮುಖ ಇಟ್ಟುಕೊಂಡು ಮಾಡಿದರೆ ಅದು ಪ್ರಶ್ನೆಯಾಗುವುದಿಲ್ಲ.

ಕೆಲವು ಸನ್ನೆ ನೋಡಿದ ಕೂಡಲೇ ಅರ್ಥವಾಗುತ್ತವೆ. ಬೆರಳ ತುದಿ ಕೂಡಿಸಿ ಬಾಯಿಗೆ ಒಯ್ದರೆ ಊಟ, ಎರಡು ಕೈಯ ಬೆರಳ ತುದಿ ತಾಗಿಸಿ ಮಾಳಿಗೆಯ ಹಾಗೆ ಹಿಡಿದರೆ ಮನೆ, ಜೋಡಿಸಿದ ಅಂಗೈಗಳನ್ನು ತೆರೆದರೆ ಪುಸ್ತಕ. ಮೊದಲ ವಾರಕ್ಕೆ ಮೇಲಿನ 12 ಕ್ರಿಯಾಪದಗಳಲ್ಲಿ ಇಂಥ ಸುಲಭದವನ್ನೇ ಇಟ್ಟುಕೊಳ್ಳಿ. ಆದರೂ ಒಂದು ಸಲ ನಿಘಂಟಿನ ವಿಡಿಯೋ ತೆಗೆದು ತಾಳೆ ನೋಡಿ.

ಎಚ್ಚರಿಕೆ: ಸನ್ನೆ ಸಿಗಲಿಲ್ಲ ಅಂತ ನೀವೇ ಒಂದು ಕಟ್ಟಿಬಿಡಬೇಡಿ. ಸಿಗದಿದ್ದರೆ ಆ ಪದವನ್ನು ವಸ್ತು ತೋರಿಸಿ ಕಲಿಸಿ. ಊರಿಂದ ಊರಿಗೆ ಸನ್ನೆ ಸ್ವಲ್ಪ ಬದಲಾಗುತ್ತದೆ, ಅದು ಸಹಜ, ನಮ್ಮ 'ಸಾಲಿ' ಬೆಂಗಳೂರಿನಲ್ಲಿ 'ಶಾಲೆ' ಆದ ಹಾಗೆ. ನಿಮ್ಮೂರಿನ ಕಿವುಡರು ಬೇರೆ ಸನ್ನೆ ಮಾಡುತ್ತಿದ್ದರೆ ಅವರದ್ದನ್ನೇ ತೆಗೆದುಕೊಳ್ಳಿ.

ಹಂತ 3: ಮೊದಲ ವಾರ, ಮಗು ಬಾಯಿ ಬಿಡಬೇಕಾಗಿಲ್ಲ

ಕ್ರಮ ಹೀಗೆ. ಮಗುವಿನ ಎದುರು, ಅದರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು, ಇದ್ದರೆ ಕೈ ಕಪ್ಪಾಗಿ ಕಾಣುತ್ತದೆ. ಮಗು ನಿಮ್ಮ ಮುಖ ನೋಡುವವರೆಗೆ ಕಾಯಿರಿ. ಸನ್ನೆ ಮಾಡಿ, ಅದೇ ಕ್ಷಣದಲ್ಲಿ ಪದ ಹೇಳಿ: "ಡ್ರಿಂಕ್." ನಿಜವಾಗಿಯೂ ನೀರು ಕುಡಿಯಿರಿ. ಮತ್ತೆ ಸನ್ನೆ, ಮತ್ತೆ ಪದ. ಚರಗಿಯನ್ನು ಮಗುವಿನ ಮುಂದೆ ಹಿಡಿದು ಮತ್ತೆ "ಡ್ರಿಂಕ್". ಅಷ್ಟೇ. "ಹೇಳು, ಹೇಳು" ಅಂತ ಒತ್ತಾಯ ಮಾಡಬೇಡಿ.

ಈ ವಾರ ಪೂರ್ತಿ ಮಗು ಬರೀ ಕೈಯಿಂದ ಉತ್ತರ ಕೊಟ್ಟರೂ ಅದು ಸರಿಯಾದ ಉತ್ತರವೇ. ಹೊಸ ಭಾಷೆ ಕಿವಿಗೆ ಬಿದ್ದಾಗ ಅನೇಕ ಮಕ್ಕಳು ಸ್ವಲ್ಪ ಕಾಲ, ಕೆಲವೊಮ್ಮೆ ತಿಂಗಳುಗಟ್ಟಲೆ, ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಇದನ್ನು 'ಮೌನದ ಅವಧಿ' ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಮಗುವಿಗೆ ಏನೂ ಬಂದಿಲ್ಲ ಅನಿಸುತ್ತದೆ, ಬಡಿದು ಹೇಳಿಸುವವರೂ ಇದ್ದಾರೆ. ಸನ್ನೆ ಇದ್ದರೆ ಆ ಮೌನದ ಒಳಗೆ ಏನು ನಡೆದಿದೆ ಅಂತ ನಿಮಗೆ ಕಾಣುತ್ತದೆ. ನೀವು "ಕ್ಲೋಸ್" ಅಂದಾಗ ಮಗುವಿನ ಕೈ ಸರಿಯಾದ ಸನ್ನೆ ಮಾಡಿತು ಅಂದರೆ ಪದ ಒಳಗೆ ಹೋಗಿದೆ, ಬಾಯಿಗೆ ಬರುವುದು ಮಾತ್ರ ಬಾಕಿ.

ಎಚ್ಚರಿಕೆ: ಕನ್ನಡ ಅರ್ಥ ಹೇಳುವ ಚಪಲ ತಡೆದುಕೊಳ್ಳಿ. ಮಗುವೇ "ಕುಡಿಯೋದಾ?" ಅಂತ ಕೇಳಿದರೆ ಹೌದು ಅಂತ ತಲೆ ಆಡಿಸಿ, ಮತ್ತೆ "ಡ್ರಿಂಕ್" ಅನ್ನಿ. ಉಳಿದ ಹೊತ್ತಿನಲ್ಲಿ ಮಗುವಿನ ಜೊತೆ ಧಾರಾಳವಾಗಿ ಕನ್ನಡ ಮಾತಾಡಿ, ಕಥೆ ಹೇಳಿ. ಇಂಗ್ಲಿಷ್ ಬರಲಿ ಅಂತ ಮನೆಮಾತನ್ನು ನಿಲ್ಲಿಸುವುದು ದೊಡ್ಡ ತಪ್ಪು.

ಹಂತ 4: ಕೈಯಿಂದ ಬಾಯಿಗೆ

ಎರಡನೇ ವಾರದಿಂದ ಆಟ. ಮೂರು ಆಟ ಸಾಕು, ಇದೇ ಕ್ರಮದಲ್ಲಿ ಆಡಿ.

ಮೊದಲನೆಯದು, ನೀವು ಪದ ಹೇಳಿ, ಮಕ್ಕಳು ಸನ್ನೆ ಮಾಡಲಿ. ಎರಡನೆಯದು, ನೀವು ಬಾಯಿ ಮುಚ್ಚಿ ಸನ್ನೆ ಮಾಡಿ, ಮಕ್ಕಳು ಪದ ಹೇಳಲಿ. ಇಲ್ಲಿ ಎಲ್ಲರೂ ಒಟ್ಟಿಗೆ ಹೇಳಲಿ, ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಬೇಡಿ. ನಾಚುವ ಮಗು ಗುಂಪಿನ ಸದ್ದಿನೊಳಗೆ ತನ್ನ ದನಿ ಸೇರಿಸುತ್ತದೆ, ಯಾರಿಗೂ ಗೊತ್ತಾಗದ ಹಾಗೆ. ಮೂರನೆಯದು, ಮಕ್ಕಳೇ ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರು ಸನ್ನೆ, ಇನ್ನೊಬ್ಬರು ಪದ. ನೀವು ನಡುವೆ ಹೋಗಬೇಡಿ.

ಸನ್ನೆ ಒಂದು ಮಾಡಿ ಪದ ಬೇರೆ ಹೇಳಿ, ಮಕ್ಕಳು ತಪ್ಪು ಹಿಡಿಯುವ ಆಟವನ್ನೂ ಕೆಲವರು ಆಡಿಸುತ್ತಾರೆ. ಮಕ್ಕಳು ತುಂಬಾ ಖುಷಿ ಪಡುತ್ತಾರೆ ನಿಜ. ಆದರೆ ಪದ ಗಟ್ಟಿಯಾಗುವ ಮೊದಲು ಇದನ್ನು ಆಡಿಸಬೇಡಿ, ಕನಿಷ್ಠ ಒಂದು ತಿಂಗಳು ಹೋಗಲಿ. ಮೇಲೆ ಹೇಳಿದ ಜಪಾನಿ ಪದಗಳ ಪ್ರಯೋಗ ನೆನಪಿದೆಯಲ್ಲ? ಹೊಂದದ ಸನ್ನೆ ನೆನಪನ್ನು ಕೆಡಿಸುತ್ತದೆ.

ಉಚ್ಚಾರ ತಪ್ಪಿದರೆ? ನಮ್ಮ ಮಕ್ಕಳು 'ಓಪನ್' ಅನ್ನು 'ವೋಪನ್' ಅನ್ನುತ್ತಾರೆ, 'ಎಗ್' ಅನ್ನು 'ಯೆಗ್' ಅನ್ನುತ್ತಾರೆ, 'ಫಿನಿಶ್' ಹೋಗಿ 'ಪಿನಿಶ್' ಆಗುತ್ತದೆ. ಅಲ್ಲೇ ತಡೆದು ತಿದ್ದಬೇಡಿ. ನೀವು ಸನ್ನೆ ಮಾಡುತ್ತಾ ಸರಿಯಾದ ಉಚ್ಚಾರ ಹೇಳಿ ಮುಂದೆ ಹೋಗಿ. ಸನ್ನೆಯಿಂದ ಉಚ್ಚಾರ ಸುಧಾರಿಸುವುದಿಲ್ಲ ಅನ್ನುವುದೂ ಗೊತ್ತಿರಲಿ. ಅದು ಅರ್ಥವನ್ನು ಹಿಡಿದಿಡುತ್ತದೆ, ಸದ್ದನ್ನು ಕಿವಿಯೇ ಕಲಿಯಬೇಕು.

ಹಂತ 5: ಪದದಿಂದ ವಾಕ್ಯಕ್ಕೆ

ಇಲ್ಲಿಗೆ ಬಂದಾಗ ಹೆಚ್ಚಿನವರು ಎಡವುತ್ತಾರೆ. ಇಂಗ್ಲಿಷ್ ವಾಕ್ಯ ಹೇಳುತ್ತಾ ಒಂದೊಂದು ಪದಕ್ಕೂ ಸನ್ನೆ ಮಾಡಲು ಹೋಗುತ್ತಾರೆ. ಹಾಗೆ ಮಾಡಬೇಡಿ, ಯಾಕೆಂದರೆ ಭಾರತೀಯ ಸಂಜ್ಞಾ ಭಾಷೆಯ ಜೋಡಣೆ ಇಂಗ್ಲಿಷಿನ ಹಾಗಿಲ್ಲ. "ವಾಟ್ ಈಸ್ ಯುವರ್ ನೇಮ್" ಅನ್ನುವುದು ಅಲ್ಲಿ 'ನಿನ್ನ - ಹೆಸರು - ಏನು' ಅಂತ ಬರುತ್ತದೆ, ಪ್ರಶ್ನೆಯ ಪದ ಕೊನೆಗೆ. ಥೇಟ್ ಕನ್ನಡದ ಹಾಗೆ! ಇಲ್ಲ, ಬೇಡ ಅನ್ನುವುದೂ ಕೊನೆಗೇ ಬರುತ್ತದೆ. ಬಾಯಲ್ಲಿ ಒಂದು ಭಾಷೆ, ಕೈಯಲ್ಲಿ ಇನ್ನೊಂದು ಭಾಷೆ ಒಂದೇ ಹೊತ್ತಿಗೆ ಓಡಿಸಿದರೆ ಎರಡೂ ಹಾಳಾಗುತ್ತವೆ.

ಅದಕ್ಕೆ ಉಪಾಯ, ವಾಕ್ಯ ಪೂರ್ತಿ ಬಾಯಲ್ಲಿ ಹೇಳಿ, ಅದರಲ್ಲಿ ಒಂದೇ ಒಂದು ಮುಖ್ಯ ಪದಕ್ಕೆ ಮಾತ್ರ ಸನ್ನೆ ಮಾಡಿ. "ಪ್ಲೀಸ್ ಗಿವ್ ಮಿ ದ ಬುಕ್" ಅನ್ನುವಾಗ 'ಗಿವ್' ಬಂದಾಗ ಕೈ ಏಳಲಿ, ಉಳಿದಂತೆ ಕೈ ಸುಮ್ಮನಿರಲಿ. ಇದಕ್ಕೆ ಮುಖ್ಯಪದ ಸನ್ನೆ ಅನ್ನಬಹುದು. ಮಾರನೇ ದಿನ ಅದೇ ವಾಕ್ಯದಲ್ಲಿ 'ಬುಕ್'ಗೆ ಮಾಡಿ.

ಹಾಗಾದರೆ ಈಸ್, ಆರ್, ಎ, ದ ಇವುಗಳ ಗತಿ ಏನು? ಕನ್ನಡದಲ್ಲಿ "ಅವನು ಒಳ್ಳೆಯ ಹುಡುಗ" ಅಂದರೆ ಸಾಕು, ನಡುವೆ 'ಈಸ್' ಬೇಕಾಗಿಲ್ಲ. ಅದಕ್ಕೇ ನಮ್ಮ ಮಕ್ಕಳು "ಹೀ ಗುಡ್ ಬಾಯ್" ಅನ್ನುತ್ತಾರೆ. ಇದಕ್ಕೆ ಸನ್ನೆ ಹುಡುಕಬೇಡಿ, ಬೆರಳೆಣಿಕೆ ಮಾಡಿ. "ಹೀ - ಈಸ್ - ಎ - ಗುಡ್ - ಬಾಯ್", ಐದು ಪದ, ಐದು ಬೆರಳು. ಮಗು 'ಈಸ್' ಬಿಟ್ಟರೆ ಏನೂ ಹೇಳದೆ ಎರಡನೇ ಬೆರಳನ್ನು ಮುಟ್ಟಿ ತೋರಿಸಿ. ಅದಾಗಿಯೇ ತಿದ್ದಿಕೊಳ್ಳುತ್ತದೆ. ಇದು ಸಂಜ್ಞಾ ಭಾಷೆ ಅಲ್ಲ, ಬರೀ ಪಾಠದ ಉಪಾಯ, ಆದರೆ ಸನ್ನೆಗೆ ಒಗ್ಗಿದ ಮಗು ಇದನ್ನು ಬೇಗ ಹಿಡಿಯುತ್ತದೆ.

ಹೀ, ಶೀ, ದೇ ವಿಷಯದಲ್ಲೂ ಹುಷಾರು. ಸಂಜ್ಞಾ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಬೆರಳು ತೋರಿಸುವುದೇ, ಗಂಡು ಹೆಣ್ಣು ಭೇದ ಅದರಲ್ಲಿ ಕಾಣುವುದಿಲ್ಲ. ಜೊತೆಗೆ ನಮ್ಮ ಮಕ್ಕಳು ಅಕ್ಕೋರನ್ನು ಗೌರವದಿಂದ 'ಅವರು' ಅನ್ನುತ್ತಾರೆ, ಅದೇ ಗೌರವ ಇಂಗ್ಲಿಷಿಗೂ ಹೋಗಿ "ದೇ ಈಸ್ ಮೈ ಟೀಚರ್" ಆಗುತ್ತದೆ. ಇದನ್ನು ಕೈಯಿಂದ ಕಲಿಸಲು ಆಗುವುದಿಲ್ಲ. ಫೋಟೋ ಇಟ್ಟುಕೊಂಡು, ಬಾಯಿಮಾತಿನಲ್ಲೇ ಕಲಿಸಿ.

ಕಾಲಕ್ಕೆ ಮಾತ್ರ ಕೈ ಚೆನ್ನಾಗಿ ಒದಗುತ್ತದೆ. ಆಗಿಹೋದದ್ದು ಹೆಗಲ ಹಿಂದೆ, ಬರುವುದು ಮುಂದೆ. ಕ್ರಿಯೆಯ ಸನ್ನೆ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ, ನಿನ್ನೆ, ನಾಳೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತಾರೆ. ನೀವು "ಯೆಸ್ಟರ್ಡೇ" ಅಂತ ಕೈಯಲ್ಲಿ ತೋರಿಸಿ, 'ಈಟ್' ಸನ್ನೆ ಮಾಡಿ, ಬಾಯಲ್ಲಿ "ಏಟ್" ಅನ್ನಿ. ಕೈ ಅದೇ, ಬಾಯಿ ಬೇರೆ ಅನ್ನುವುದು ಮಕ್ಕಳ ಗಮನಕ್ಕೆ ಬರುತ್ತದೆ, ಅವರೇ ಕೇಳುತ್ತಾರೆ.

ಹಂತ 6: ಸನ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ

ಈ ಹಂತವನ್ನು ಬಿಟ್ಟುಬಿಟ್ಟರೆ ಮಗು ನಿಮ್ಮ ಕೈ ನೋಡಿ ಮಾತ್ರ ಇಂಗ್ಲಿಷ್ ತಿಳಿಯುತ್ತದೆ, ಕಿವಿಯಿಂದ ತಿಳಿಯುವುದಿಲ್ಲ. ಒಂದು ಪದ ಮಗುವಿನ ಬಾಯಲ್ಲಿ ನೀವು ಕೇಳದೆಯೇ ತಾನಾಗಿ ಮೂರು ನಾಲ್ಕು ಸಲ ಬಂದಮೇಲೆ ಹೀಗೆ ಮಾಡಿ. ಮೊದಲು ಸನ್ನೆಯನ್ನು ಚಿಕ್ಕದು ಮಾಡಿ. ಆಮೇಲೆ ತಡ ಮಾಡಿ: ಪದ ಹೇಳಿ, ಮೂರು ಎಣಿಸಿ, ಮಗುವಿಗೆ ತಿಳಿಯದಿದ್ದರೆ ಮಾತ್ರ ಕೈ ಎತ್ತಿ. ಕೊನೆಗೆ ಪೂರ್ತಿ ಬಿಡಿ.

ನೀವು ಬಿಡಿ, ಮಗು ಬಿಡಬೇಕಾಗಿಲ್ಲ. ಪರೀಕ್ಷೆಯಲ್ಲಿ ಬೆಂಚಿನ ಕೆಳಗೆ ಅದರ ಕೈ ಆಡುತ್ತಿದ್ದರೆ ಆಡಲಿ. ಅದು ನಕಲು ಅಲ್ಲ, ನೆನಪು ಮಾಡಿಕೊಳ್ಳುವ ದಾರಿ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು ಅಂತ ಕೇಳುತ್ತೀರಿ. ಪ್ರತಿ ಪದದ ಮುಂದೆ ಮೂರು ಮನೆ: ಕೈಯಿಂದ ಉತ್ತರ ಬಂತು, ಬಾಯಿಂದ ಬಂತು, ಸನ್ನೆ ಇಲ್ಲದೆ ತಿಳಿಯಿತು. ತಾರೀಖು ಹಾಕುತ್ತಾ ಹೋಗಿ. ಮೂರನೇ ಮನೆ ತುಂಬಿದ ಪದಗಳನ್ನು ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ ನೋಡಿ.

ಜನ ಕೇಳುವ ಉಳಿದ ಪ್ರಶ್ನೆಗಳು

ಸನ್ನೆ ಕಲಿತರೆ ಮಗು ಮಾತಾಡುವುದನ್ನೇ ಬಿಡುತ್ತದಾ? ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದು. ಇಲ್ಲ. ಕಿವಿ ಕೇಳಿಸುವ ಮಕ್ಕಳಿಗೆ ಮಾತಿನ ಜೊತೆಗೇ ಸನ್ನೆ ತೋರಿಸಿದರೆ ಮಾತು ಹಿಂದೆ ಬೀಳುವುದಿಲ್ಲ. ಹಾಗೆಯೇ, ಸನ್ನೆ ಕಲಿಸಿದರೆ ಮಗು ಬುದ್ಧಿವಂತ ಆಗುತ್ತದೆ, ಬೇಗ ಮಾತು ಬರುತ್ತದೆ ಅಂತ ದುಡ್ಡು ಕೇಳುವ ಕೋರ್ಸುಗಳನ್ನೂ ನಂಬಬೇಡಿ, ಅದಕ್ಕೆ ಗಟ್ಟಿ ಆಧಾರ ಇಲ್ಲ.

ಎಡಗೈ ಮಗು ಆದರೆ? ಎಡಗೈಯಲ್ಲೇ ಮಾಡಲಿ. ಸಂಜ್ಞಾ ಭಾಷೆಯಲ್ಲಿ ಎಡಗೈಯವರು ಎಡಗೈಯನ್ನೇ ಮುಖ್ಯ ಕೈಯಾಗಿ ಬಳಸುತ್ತಾರೆ, ಅದು ತಪ್ಪಲ್ಲ. 'ಈಟ್' ಸನ್ನೆಗೆ "ಎಡಗೈ ಬ್ಯಾಡ ತಂಗಿ" ಅಂತ ಅಜ್ಜಿ ತಡೆದರೆ ಅವರಿಗೆ ಸಮಾಧಾನವಾಗಿ ವಿವರಿಸಿ, ಮಗುವಿನ ಕೈ ಬದಲಿಸಬೇಡಿ.

40 ಮಕ್ಕಳ ತರಗತಿಯಲ್ಲಿ ಆಗುತ್ತದಾ? ಆಗುತ್ತದೆ. ಒಂದೊಂದು ದಿನ ಒಂದೇ ಮಗುವಿಗೆ ಕಲಿಸುವುದಕ್ಕಿಂತ ಚೆನ್ನಾಗಿ ಆಗುತ್ತದೆ. ಎಲ್ಲರ ಕೈ ಒಟ್ಟಿಗೆ ಏಳುವುದರಿಂದ ಯಾರಿಗೆ ತಿಳಿದಿದೆ, ಯಾರು ಪಕ್ಕದವರನ್ನು ನೋಡಿ ಮಾಡುತ್ತಿದ್ದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವಾಟರ್, ಟಾಯ್ಲೆಟ್, ವೇಟ್, ಈ ಮೂರನ್ನು ತರಗತಿಯ ನಿತ್ಯದ ಸನ್ನೆ ಮಾಡಿಕೊಳ್ಳಿ, ಪಾಠ ನಿಲ್ಲಿಸದೆಯೇ ಕೆಲಸ ನಡೆಯುತ್ತದೆ. ಕಿವುಡರು ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ಆಡಿಸುತ್ತಾರೆ. ಪಕ್ಕದ ತರಗತಿಗೆ ಗದ್ದಲ ಆಗದ ಹಾಗೆ ಶಹಬ್ಬಾಸ್ ಹೇಳಲು ಇದಕ್ಕಿಂತ ಚೆಂದದ್ದು ಇಲ್ಲ. ಬಿಸಿಯೂಟದ ಸಾಲೂ ಒಳ್ಳೆಯ ಪಾಠದ ಜಾಗ. "ಮೋರ್?" ಅಂತ ಕೇಳಿ ಬಡಿಸಿದರೆ ಆ ಪದ ಯಾವ ಮಗುವೂ ಮರೆಯುವುದಿಲ್ಲ.

ಹೆಸರು ಕರೆದರೆ ತಿರುಗಿ ನೋಡದ, ಸದಾ ನಿಮ್ಮ ತುಟಿಯನ್ನೇ ನೋಡುವ, ಸನ್ನೆ ಇದ್ದಾಗ ಮಾತ್ರ ಚುರುಕಾಗುವ ಮಗು ಕಂಡರೆ ಅದನ್ನು ದಡ್ಡ ಅನ್ನಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. ಇದರಲ್ಲಿ ತಡ ಮಾಡಬಾರದು.

ತರಗತಿಯಲ್ಲಿ ಕಿವುಡ ಮಗು ಇದ್ದರೆ

ಈ ಮಗುವಿಗೆ ಸಂಜ್ಞಾ ಭಾಷೆ ಇಂಗ್ಲಿಷ್ ಕಲಿಯಲು ಊರುಗೋಲು ಅಲ್ಲ, ಅದೇ ಅದರ ಮೊದಲ ಭಾಷೆ. ಅದಕ್ಕೆ ಇಂಗ್ಲಿಷ್ ಬರುವುದು ಕಣ್ಣಿನಿಂದ, ಅಂದರೆ ಬರವಣಿಗೆಯಿಂದ. ಹಾಗಾಗಿ ಮೇಲೆ ಹೇಳಿದ ಹಂತಗಳಲ್ಲಿ "ಪದ ಹೇಳಿ" ಅಂದ ಕಡೆಯೆಲ್ಲ ಆ ಮಗುವಿಗೆ "ಪದ ಬರೆದು ತೋರಿಸಿ, ಬೆರಳಕ್ಷರ ಮಾಡಿ" ಅಂತ ಓದಿಕೊಳ್ಳಿ. ಸನ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಆರನೇ ಹಂತ ಅದಕ್ಕೆ ಖಂಡಿತ ಬೇಡ. ಅದನ್ನು ಮುಂದಿನ ಸಾಲಿನಲ್ಲಿ, ಬಾಗಿಲ ಕಡೆ ಅಲ್ಲ, ಎಲ್ಲರ ಕೈ ಕಾಣುವ ಕಡೆ ಕೂರಿಸಿ. ಆ ಮಗುವಿಗೆ ಸನ್ನೆ ಮೊದಲೇ ಬರುತ್ತಿದ್ದರೆ ಉಳಿದವರ ಕೈ ತಿದ್ದುವ ಕೆಲಸ ಅದಕ್ಕೇ ಕೊಡಿ. ಒಂದು ವಾರದಲ್ಲಿ ಆ ಮಗುವಿನ ಸುತ್ತ ಗೆಳೆಯರು ಸೇರಿರುತ್ತಾರೆ.

ನಿಮ್ಮೂರಿನಲ್ಲಿ ಸಂಜ್ಞಾ ಭಾಷೆ ಚೆನ್ನಾಗಿ ಬಲ್ಲ ಕಿವುಡರೊಬ್ಬರನ್ನು ಹುಡುಕಿಕೊಳ್ಳಿ. ತಿಂಗಳಿಗೆ ಒಂದು ಸಲ ನಿಮ್ಮ ಸನ್ನೆಗಳನ್ನು ಅವರಿಗೆ ತೋರಿಸಿ. ಸೆಪ್ಟೆಂಬರ್ 23 ಅಂತಾರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ, ಶಾಲೆಗೆ ಕರೆಯಲು ಒಳ್ಳೆಯ ನೆಪ. ಅವರನ್ನು ಕರೆಯುವಾಗ ಹಿಂದಿನಿಂದ ಕೂಗಬೇಡಿ, ಎದುರು ಬಂದು ಕೈ ಬೀಸಿ, ಇಲ್ಲವೇ ಭುಜ ಮೆಲ್ಲಗೆ ತಟ್ಟಿ. ದುಭಾಷಿ ಜೊತೆಗಿದ್ದರೆ, ಅಂದರೆ ಅವರ ಮಾತನ್ನು ನಿಮಗೆ ಬಾಯಲ್ಲಿ ಹೇಳುವವರು ಇದ್ದರೆ, ದುಭಾಷಿಯನ್ನು ನೋಡದೆ ಅವರನ್ನೇ ನೋಡಿ ಮಾತಾಡಿ. ಬೇರೆ ಯಾವ ಗುರುಗಳಿಗೂ ಕೊಡುವ ಹಾಗೆ ಅವರ ಸಮಯಕ್ಕೂ ಸಂಭಾವನೆ ಕೊಡಿ. ಅವರು ನಿಮ್ಮ ಸನ್ನೆ ತಪ್ಪು ಅಂದರೆ ವಾದ ಮಾಡಬೇಡಿ, ಅಲ್ಲೇ ನೋಟ್‌ಬುಕ್ ತೆಗೆದು ತಿದ್ದಿಕೊಳ್ಳಿ, ಮಾರನೇ ದಿನ ಮಕ್ಕಳಿಗೂ ತಿದ್ದಿ ಹೇಳಿ.